ಮೈಕಿಗೆ ಕರೆಂಟು ಎಲ್ಲಿಂದ?



ಹೋದ ವಾರ ಒಂದು ಫೋಟೊ ಹಾಕಿದ್ದೆ. ಟಿಫಿನ್ ಬಾಕ್ಸಿನಷ್ಟು ದೊಡ್ಡ ಆಂಪ್ಲಿಫೈಯರ್, ಎರಡು ಸ್ಪೀಕರು, ಒಂದು ಮೈಕು. ಅದನ್ನು ನೋಡಿ ಇನ್‌ಬಾಕ್ಸಿಗೆ ತುಂಬ ಜನ ಬಂದಿರಿ. ಹೆಚ್ಚಿನವರ ಪ್ರಶ್ನೆ ಒಂದೇ: "ಬೋರ್ಡು ತರಿಸಿದೆ ಅಣ್ಣ, ಅದಕ್ಕೆ ಯಾವ ಅಡಾಪ್ಟರ್ ಹಾಕೋದು?" ಒಬ್ಬೊಬ್ಬರಿಗೇ ಟೈಪ್ ಮಾಡುವ ಬದಲು ಇಲ್ಲೇ ಬರೀತೇನೆ. ಸ್ವಲ್ಪ ಉದ್ದ ಉಂಟು. ಎಲೆಕ್ಟ್ರಾನಿಕ್ಸ್ ನಮಗ್ಯಾಕೆ ಅಂತ ಬಿಟ್ಟು ಹೋಗಬೇಡಿ. ಯಾಕೆ ಅಂತಲೇ ಮೊದಲು ಹೇಳ್ತೇನೆ.

ಕಾಪು ತಾಲೂಕಿನ ಒಂದು ಕಾಲೊನಿ. ಊರ ಹೆಸರು ಬೇಡ, ಅಲ್ಲಿನ ಮಕ್ಕಳು ನಾಳೆಯೂ ಅದೇ ದಾರಿಯಲ್ಲಿ ಶಾಲೆಗೆ ಹೋಗಬೇಕು. ಎರಡು ವರ್ಷದ ಹಿಂದೆ ಏಪ್ರಿಲ್ 14ಕ್ಕೆ ರಸ್ತೆ ಬದಿಯ ಜಾಗದಲ್ಲಿ ಕಾರ್ಯಕ್ರಮ ಇತ್ತು. ಕಾಲೊನಿ ಮನೆಗಳು ಒಳಗೆ, ಹತ್ತಿರ ಇದ್ದದ್ದು ಬೇರೆಯವರ ಒಂದೇ ಮನೆ. ಕೇಳಿದಾಗ ಒಳ್ಳೆ ಮಾತಲ್ಲೇ ವಯರ್ ಎಳೆಯಲು ಬಿಟ್ಟರು. ಬಾಬಾಸಾಹೇಬರ ಫೋಟೊಕ್ಕೆ ಹಾರ ಹಾಕುವ ತನಕ, ಹಾಡು ಮುಗಿಯುವ ತನಕ ಎಲ್ಲ ಸರಿ ಇತ್ತು. ಆಮೇಲೆ ಪಿಯುಸಿ ಓದುವ ಹುಡುಗಿಯೊಬ್ಬಳು ಮೈಕ್ ಹಿಡಿದು, ತನ್ನ ಅಜ್ಜನಿಗೆ ಅದೇ ಊರಿನ ಹೋಟೆಲಿನಲ್ಲಿ ಹೊರಗೆ ಕೂರಿಸಿ ತೆಂಗಿನ ಗೆರಟೆಯಲ್ಲಿ ಚಾ ಕೊಡ್ತಿದ್ದದ್ದನ್ನು ಹೇಳಲು ಶುರು ಮಾಡಿದಳು. ಕರೆಂಟ್ ಹೋಯ್ತು. "ಫ್ಯೂಸ್ ಹೋಗಿದೆ" ಅಂದರು. ಅವರ ಜಗಲಿಯ ಲೈಟು ಉರಿಯುತ್ತಲೇ ಇತ್ತು. ಹುಡುಗಿ ಮೈಕ್ ಕೆಳಗಿಟ್ಟು ಬರಿ ಗಂಟಲಲ್ಲೇ ಮುಗಿಸಿದಳು. ಮುಂದಿನ ಎರಡು ಸಾಲಿಗೆ ಕೇಳಿಸಿತು, ಹಿಂದೆ ನಿಂತವರಿಗೆ ಇಲ್ಲ.

ಆ ದಿನ ರಾತ್ರಿ ಕೂತು ಲೆಕ್ಕ ಹಾಕಿದೆ. ಒಂದು ಸಣ್ಣ ಆಂಪ್ಲಿಫೈಯರ್ ಮಾತಿಗೆ ಸರಾಸರಿ ಎಳೆಯುವುದು ಹೆಚ್ಚೆಂದರೆ 20 ವ್ಯಾಟ್. ಮೂರು ಗಂಟೆ ಸಭೆ ನಡೆದರೆ 60 ವ್ಯಾಟ್-ಗಂಟೆ, ಅಂದರೆ 0.06 ಯೂನಿಟ್. ಯೂನಿಟಿಗೆ ಏಳು ರೂಪಾಯಿ ಹಿಡಿದರೂ ಐವತ್ತು ಪೈಸೆ ಆಗುವುದಿಲ್ಲ. ಇದೇ ಕಾಪು ತಾಲೂಕಿನ ಎಲ್ಲೂರಿನಲ್ಲಿ 1200 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಉಂಟು. ಕರೆಂಟಿಗೆ ಬರ ಇಲ್ಲ. ನಾವು ಆ ಮನೆಯಿಂದ ತೆಗೊಂಡದ್ದು ಐವತ್ತು ಪೈಸೆಯ ಕರೆಂಟಲ್ಲ, ಒಂದು ಉಪಕಾರ. ಉಪಕಾರಕ್ಕೆ ಸ್ವಿಚ್ ಇರ್ತದೆ, ಅದು ಕೊಟ್ಟವರ ಗೋಡೆಯಲ್ಲಿ ಇರ್ತದೆ.

ಇದು ಹೊಸತೇನಲ್ಲ. ನಮ್ಮ ಜಿಲ್ಲೆಯಲ್ಲಿ ಕಂಬಳಕ್ಕೆ, ಜಾತ್ರೆಗೆ ಕೊರಗ ಬಂಧುಗಳ ಡೋಲು ಬೇಕಿತ್ತು. ಡೋಲಿನ ಸದ್ದು ಬೇಕು, ಬಾರಿಸಿದವನ ಮಾತು ಬೇಡ. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಕಾಯ್ದೆಯನ್ನೇ ತರಬೇಕಾಯ್ತು. ಮಹಾಡಿನ ಚರಿತ್ರೆಯನ್ನೂ ನೆನಪು ಮಾಡಿಕೊಳ್ಳಿ. 1927ರ ಡಿಸೆಂಬರಿನ ಸಮ್ಮೇಳನಕ್ಕೆ ಸವರ್ಣರು ಯಾರೂ ಜಾಗ ಕೊಡಲಿಲ್ಲ, ಕೊಟ್ಟವರು ಫತ್ತೇಖಾನ್ ಎಂಬ ಮುಸ್ಲಿಮರು. ಊರಿನ ವ್ಯಾಪಾರಿಗಳು ಸಾಮಾನು ಮಾರುವುದಿಲ್ಲ ಅಂದಾಗ ದಿನಸಿಯನ್ನು ಹೊರಗಿನಿಂದ ತರಿಸಿಕೊಂಡರು. ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟದ್ದು ಆ ಜಾಗದಲ್ಲೇ. ಭಾಷಣಕ್ಕೆ ಮೊದಲು ಅಕ್ಕಿ-ಬೇಳೆ, ನೆಲ ಎಲ್ಲಿಂದ ಅಂತ ಯೋಚನೆ ಮಾಡಿದವರು ಅವರು. ನಾವು ಮೈಕಿನ ಕರೆಂಟಿನ ಬಗ್ಗೆ ಯೋಚನೆ ಮಾಡುವುದು ಸಣ್ಣ ವಿಷಯ ಅಲ್ಲ.

ಸರಿ, ಈಗ ವಿಷಯಕ್ಕೆ ಬರುವ.

ನಿಮ್ಮಲ್ಲಿ ಹೆಚ್ಚಿನವರು ತರಿಸಿದ್ದು ಟಿಪಿಎ3116 ಚಿಪ್ಪಿನ ಬೋರ್ಡು. ಒಳ್ಳೆಯದೇ. ಇದು ಡಿ ಕ್ಲಾಸ್, ಬಿಸಿ ಕಮ್ಮಿ, ಕೊಟ್ಟ ಕರೆಂಟಿನ ಹೆಚ್ಚು ಪಾಲು ಸ್ಪೀಕರಿಗೇ ಹೋಗ್ತದೆ. ಇದಕ್ಕೆ ನಾಲ್ಕೂವರೆ ವೋಲ್ಟಿನಿಂದ 26 ವೋಲ್ಟ್ ತನಕ ಕೊಡಬಹುದು. ಹಾಗಂತ 24 ವೋಲ್ಟೇ ಬೇಕು ಅಂತ ಹುಡುಕಾಡಬೇಡಿ. ಲೆಕ್ಕ ಸುಲಭ: ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ, ಸ್ಪೀಕರಿನ ಓಮ್‌ನ ಎರಡು ಪಟ್ಟಿನಿಂದ ಭಾಗಿಸಿ. 8 ಓಮ್ ಸ್ಪೀಕರಿಗೆ 12 ವೋಲ್ಟಿನಲ್ಲಿ 9 ವ್ಯಾಟ್, 19 ವೋಲ್ಟಿನಲ್ಲಿ 22 ವ್ಯಾಟ್, 24 ವೋಲ್ಟಿನಲ್ಲಿ 36 ವ್ಯಾಟ್ ಸಿಗ್ತದೆ. ಇದು ಕಾಗದದ ಲೆಕ್ಕ, ನಿಜದಲ್ಲಿ ಸ್ವಲ್ಪ ಕಮ್ಮಿ. 22ಕ್ಕೂ 36ಕ್ಕೂ ಭಾರೀ ವ್ಯತ್ಯಾಸ ಅಂತ ಕಾಣ್ತದೆ, ಆದರೆ ಕಿವಿಗೆ ಅದು ಬರೀ 2 ಡೆಸಿಬೆಲ್. ಗಮನ ಇಟ್ಟು ಕೇಳಿದರೆ ಮಾತ್ರ ಗೊತ್ತಾಗ್ತದೆ. ಅದರ ಬದಲು 3 ಡೆಸಿಬೆಲ್ ಹೆಚ್ಚು ಸೂಕ್ಷ್ಮತೆ ಇರುವ ಸ್ಪೀಕರ್ ತೆಗೊಂಡರೆ ವ್ಯಾಟನ್ನು ಡಬಲ್ ಮಾಡಿದ ಹಾಗೆ. ದುಡ್ಡನ್ನು ಅಲ್ಲಿ ಹಾಕಿ.

ಹಾಗಾಗಿ ನನ್ನ ಮೊದಲ ಆಯ್ಕೆ ಹಳೆ ಲ್ಯಾಪ್‌ಟಾಪ್ ಅಡಾಪ್ಟರ್, 19 ಅಥವಾ 19.5 ವೋಲ್ಟಿನದ್ದು. ನಮಗೆ ಮಣಿಪಾಲ ಹತ್ತಿರ ಇರುವುದು ಇದಕ್ಕೇ ಉಪಕಾರ ಮಾರಾಯ್ರೆ. ಹಾಸ್ಟೆಲ್ ಖಾಲಿಯಾಗುವ ಸಮಯದಲ್ಲಿ ಗುಜರಿಯಲ್ಲಿ ರಾಶಿ ಬಿದ್ದಿರ್ತದೆ. ನಾನು ಇನ್ನೂರೈವತ್ತು ರೂಪಾಯಿಗೆ ತಂದದ್ದು ಒಳ್ಳೆ ಕಂಪನಿಯದ್ದು. ಎರಡು ಸ್ಪೀಕರಿಗೆ 20-20 ವ್ಯಾಟ್ ಅಂದರೆ 40, ದಾರಿಯಲ್ಲಿ ಹೋಗುವ ನಷ್ಟ ಸೇರಿಸಿ 45. ಆದ್ದರಿಂದ 65 ವ್ಯಾಟಿನ ಅಡಾಪ್ಟರ್ ಧಾರಾಳ ಸಾಕು. 4 ಓಮ್ ಸ್ಪೀಕರ್ ಆದರೆ 90 ವ್ಯಾಟಿನದ್ದು ನೋಡಿ. ಹಿಂದೆ ಬರೆದ ವೋಲ್ಟ್ ಬೋರ್ಡಿನ ಮಿತಿಯೊಳಗೆ ಇರಬೇಕು. ಆಂಪಿಯರ್ ಬೇಕಾದ್ದಕ್ಕಿಂತ ಹೆಚ್ಚಿದ್ದರೆ ತೊಂದರೆ ಇಲ್ಲ, ಕಮ್ಮಿ ಇರಬಾರದು. ಕೆಲವು ಅಡಾಪ್ಟರಿನ ಪಿನ್ನಿನ ನಡುವೆ ಸಣ್ಣ ಸೂಜಿ ಇರ್ತದೆ. ಅದು ಲ್ಯಾಪ್‌ಟಾಪಿಗೆ ಗುರುತು ಹೇಳಲಿಕ್ಕೆ ಮಾತ್ರ, ನಮಗೆ ಬೇಡ. ಪ್ಲಸ್ ಮೈನಸ್ ಯಾವುದು ಅಂತ ಮೀಟರಿನಲ್ಲಿ ನೋಡದೆ ಬೋರ್ಡಿಗೆ ಕೊಡಬೇಡಿ. ಹೊಸ ಟೈಪ್-ಸಿ ಚಾರ್ಜರ್ ಸುಮ್ಮನೆ ಚುಚ್ಚಿದರೆ 5 ವೋಲ್ಟ್ ಮಾತ್ರ ಕೊಡ್ತದೆ. 20 ವೋಲ್ಟ್ ಕೇಳಲಿಕ್ಕೆ ನಡುವೆ ಟ್ರಿಗರ್ ಬೋರ್ಡ್ ಅಂತ ಒಂದು ಸಣ್ಣ ತುಂಡು ಹಾಕಬೇಕು.

ಕಾರ್ಕಳದ ಒಬ್ಬ ಹುಡುಗ ಕೇಳಿದ, "ರಿಪೇರಿ ಅಂಗಡಿಯವರು 12-0-12ರ ಟ್ರಾನ್ಸ್‌ಫಾರ್ಮರ್ ಕೊಟ್ಟಿದ್ದಾರೆ, ಅದರ ಸೌಂಡೇ ಚಂದ ಅಂತಾರೆ, ಹೌದಾ?" ಟಿಡಿಎ2030ಯಂಥ ಹಳೆ ಬೋರ್ಡಿಗೆ ಅದು ಆಗ್ತದೆ. 12 ವೋಲ್ಟ್ ಎಸಿ, ಡಯೋಡು ಕಪಾಸಿಟರು ದಾಟಿ ಬರುವಾಗ ಪ್ಲಸ್ 16, ಮೈನಸ್ 16ರ ಹತ್ತಿರ ಆಗ್ತದೆ. ಲೋಡ್ ಇಲ್ಲದಾಗ ಇನ್ನೂ ಏರ್ತದೆ. ಆ ಚಿಪ್ಪಿನ ಗರಿಷ್ಠ ಮಿತಿಯೇ 18, ಅಂದರೆ ಅಂಚಿನಲ್ಲಿ ನಿಂತ ಹಾಗೆ. ಜೊತೆಗೆ ದೊಡ್ಡ ಕಪಾಸಿಟರ್ ಬೇಕು, ಇಲ್ಲದಿದ್ದರೆ ಸೆಕೆಂಡಿಗೆ ನೂರು ಸಲದ ಗುಂಯ್ ಸದ್ದು ಮಾತಿನ ಅಡಿಯಲ್ಲಿ ಹರೀತಾನೇ ಇರ್ತದೆ. ಮನೆಯಲ್ಲಿ ಕೂತು ಪದ್ಯ ಕೇಳಲಿಕ್ಕೆ ಅದು ಚಂದವೇ.

ಆದರೆ ನಮ್ಮ ಕಾಲೊನಿಗಳ ಕತೆ ಬೇರೆ. ನಮ್ಮ ಮನೆಗಳು ಹೆಚ್ಚಾಗಿ ಲೈನಿನ ಕೊನೇ ಕಂಬದಲ್ಲಿ. ಸಂಜೆ ಏಳು ಗಂಟೆಗೆ 230 ಇರಬೇಕಾದಲ್ಲಿ ನಾನೇ 180 ಅಳೆದದ್ದುಂಟು. ಟ್ರಾನ್ಸ್‌ಫಾರ್ಮರಿನ 12 ಆಗ ಒಂಬತ್ತೂ ಚಿಲ್ಲರೆಗೆ ಇಳೀತದೆ, ಜೋರು ಮಾತಾಡಿದರೆ ಸ್ವರ ಒಡೀತದೆ. ಲ್ಯಾಪ್‌ಟಾಪ್ ಅಡಾಪ್ಟರಿನ ಬೆನ್ನಲ್ಲಿ ನೋಡಿ, 100ರಿಂದ 240 ಅಂತ ಬರೆದಿರ್ತದೆ. ಕೊನೇ ಕಂಬದಲ್ಲೂ ಅದು 19 ಕೊಟ್ಟೇ ಕೊಡ್ತದೆ. ಪುಸ್ತಕದಲ್ಲಿ ಯಾವ ಸೌಂಡ್ ಚಂದ ಅಂತ ಬರೆಯುವವರ ಮನೆ ಕೊನೇ ಕಂಬದಲ್ಲಿ ಇರುವುದಿಲ್ಲ.

ಇನ್ನು ಶಾಕಿನ ವಿಷಯ. ಇದನ್ನು ಎರಡು ಸಲ ಓದಿ. ಎರಡು ಪಿನ್ನಿನ ಅಡಾಪ್ಟರಿನಲ್ಲಿ ಒಳಗಿನ ಒಂದು ಸಣ್ಣ ಕಪಾಸಿಟರ್ ಮೂಲಕ ಚೂರು ಕರೆಂಟ್ ಈಚೆಗೆ ಬರ್ತಾ ಇರ್ತದೆ. ಮೈಕಿನ ಕಬ್ಬಿಣದ ಮೈ ಮುಟ್ಟಿದರೆ ಚುಳುಚುಳು ಅಂತದೆ. ಒಳ್ಳೆ ಅಡಾಪ್ಟರಿನಲ್ಲಿ ಅಷ್ಟರಿಂದ ಜೀವ ಹೋಗುವುದಿಲ್ಲ. ಆದರೆ ಹೆಸರಿಲ್ಲದ ಅಗ್ಗದ ಮಾಲಿನಲ್ಲಿ ಆ ಕಪಾಸಿಟರ್ ಯಾವ ಗುಣಮಟ್ಟದ್ದು ಅಂತ ಯಾರು ಹೇಳ್ತಾರೆ? ನಮ್ಮದು ಮಳೆಯ ಊರು. ಜೂನಿನಲ್ಲಿ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು, ತುಟಿಗೆ ಮೈಕ್ ತಾಗಿಸಿ ಹಾಡುವವರು ನಮ್ಮ ಅಕ್ಕಂದಿರು. ಅದಕ್ಕೇ ಮೂರು ಪಿನ್ನಿನದ್ದೇ ತೆಗೊಳ್ಳಿ, ಬಿಐಎಸ್ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇದೆಯಾ ನೋಡಿ. ಸಾಕೆಟಿನಲ್ಲಿ ಮೂರನೇ ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಉಂಟು ಅಂತಲ್ಲ. ಎಷ್ಟೋ ಕಾಲೊನಿ ಮನೆಗಳಲ್ಲಿ ಆ ತೂತಿನ ಹಿಂದೆ ವಯರೇ ಇಲ್ಲ. ತಿಳಿದ ವಯರ್‌ಮ್ಯಾನ್ ಹತ್ತಿರ ಪರೀಕ್ಷೆ ಮಾಡಿಸಿ, ಮೈಕಿಗಾಗಿ ಮಾತ್ರ ಅಲ್ಲ, ಮನೆಯವರಿಗಾಗಿ. ಎಲ್‌ಇಡಿ ಪಟ್ಟಿಗೆ ಬರುವ ತಗಡಿನ ಡಬ್ಬಿಯ 24 ವೋಲ್ಟ್ ಸಪ್ಲೈ ಅಗ್ಗ ಹೌದು, ಆದರೆ ಅದರ 230 ವೋಲ್ಟಿನ ಸ್ಕ್ರೂಗಳು ಬೆರಳಿಗೆ ಸಿಗುವ ಹಾಗೆ ತೆರೆದೇ ಇರ್ತವೆ. ಮಕ್ಕಳು ಓಡಾಡುವ ಜಾಗಕ್ಕೆ ಬೇಡವೇ ಬೇಡ.

ಇನ್ನೊಂದು ಸಣ್ಣ ವಿಷಯ. ಮೊಬೈಲಿನಿಂದ ಹಾಡು ಹಾಕುವಾಗ ಅದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಮೊಬೈಲ್ ಚಾರ್ಜಿಗೂ ಇಟ್ಟರೆ ಗುಂಯ್ ಅಂತದೆ. ಚಾರ್ಜರ್ ಕಿತ್ತರೆ ಹೋಗ್ತದೆ. ಅದಕ್ಕೆ ಆಂಪ್ಲಿಫೈಯರನ್ನು ಬೈಯಬೇಡಿ.

ಬೀದಿಗೆ, ಧರಣಿಗೆ, ಆ ಕಾಪುವಿನ ಜಾಗದಂಥ ಕಡೆಗೆ ಬ್ಯಾಟರಿಯೇ ಸರಿ. ಆ ಕಾಲೊನಿಯ ಹುಡುಗರೇ ಕೂತು ಮಾತಾಡಿ ಅದನ್ನು ಆರಿಸಿದ್ದು. 12 ವೋಲ್ಟ್ 7 ಆಂಪಿಯರ್-ಗಂಟೆಯ ಯುಪಿಎಸ್ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆ ಇರ್ತದೆ. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯುಷ್ಯ ಕಮ್ಮಿ, ಹಾಗಾಗಿ 42 ಅಂತ ಹಿಡಿಯಿರಿ. 12 ವೋಲ್ಟಿನಲ್ಲಿ ಮಾತಿಗೆ ಸರಾಸರಿ 10 ವ್ಯಾಟ್ ಹೋದರೆ ನಾಲ್ಕು ಗಂಟೆ ಬರ್ತದೆ. 4 ಓಮ್ ಸ್ಪೀಕರ್ ಹಾಕಿದರೆ 12 ವೋಲ್ಟಿನಲ್ಲೂ ಹದಿನೆಂಟು ವ್ಯಾಟ್ ತನಕ ಸಿಗ್ತದೆ, ನೂರು-ನೂರೈವತ್ತು ಜನರ ಸಭೆಗೆ ಸಾಕು. ಗುಂಯ್ ಇಲ್ಲ, ಮೈನ್ಸಿನ ಶಾಕ್ ಇಲ್ಲ, ವಯರಿಗಾಗಿ ಯಾರ ಅಂಗಳದಲ್ಲೂ ನಿಲ್ಲಬೇಕಿಲ್ಲ. ದುಡ್ಡು ಸೇರಿದರೆ ಲಿಥಿಯಂ ಐರನ್ ಫಾಸ್ಫೇಟ್ ತೆಗೊಳ್ಳಿ, 12.8 ವೋಲ್ಟ್. ತೂಕ ಕಮ್ಮಿ, ಹೆಚ್ಚು ಖಾಲಿ ಮಾಡಬಹುದು, ಆದರೆ ಅದರದ್ದೇ ಚಾರ್ಜರ್ ಬೇಕು.

ಎರಡು ಎಚ್ಚರಿಕೆ. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ 5 ಆಂಪಿಯರಿನ ಫ್ಯೂಸ್ ಹಾಕಿ, ಶಾರ್ಟ್ ಆದರೆ ವಯರ್ ಹೊತ್ತಿ ಉರೀತದೆ. ಹಾಗೆಯೇ ಎರಡು 12 ವೋಲ್ಟ್ ಬ್ಯಾಟರಿ ಸರಣಿಯಲ್ಲಿ ಜೋಡಿಸಿ 24 ಮಾಡುವವರು, ಆಂಪ್ಲಿಫೈಯರ್ ಬಿಚ್ಚದೆ ಚಾರ್ಜಿಗೆ ಇಡಬೇಡಿ. ಚಾರ್ಜ್ ಆಗುವಾಗ ಅದು 27 ದಾಟ್ತದೆ, ಬೋರ್ಡಿನ ಮಿತಿ 26.

ಕಾಗದಪತ್ರವೂ ಇರಲಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ನಿಷೇಧ. ಬೇರೆಯವರ ಡಿಜೆ ನಡುರಾತ್ರಿ ದಾಟಿದರೂ ಕೇಳುವವರಿಲ್ಲದಿರಬಹುದು, ನಮ್ಮ ಹದಿನೆಂಟು ವ್ಯಾಟಿಗೆ ಕೇಳ್ತಾರೆ. ಅರ್ಜಿ ಕೊಟ್ಟು, ಸ್ವೀಕೃತಿಯನ್ನು ಜೇಬಲ್ಲಿ ಇಟ್ಟುಕೊಳ್ಳಿ.

ಕೊನೆಗೆ ಒಂದು ಮಾತು. ಒಂದು ಸೆಟ್ ಒಂದೇ ಕಾಲೊನಿಯಲ್ಲಿ ವರ್ಷಕ್ಕೆ ಎರಡು ಸಲ ಹೊರಗೆ ಬಂದರೆ ಬ್ಯಾಟರಿ ಸತ್ತು ಹೋಗ್ತದೆ. ತಿಂಗಳಿಗೊಮ್ಮೆ ಚಾರ್ಜ್ ಮಾಡುವ ಜವಾಬ್ದಾರಿ ಒಬ್ಬರಿಗೆ ಕೊಡಿ, ಹುಡುಗಿಯರಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ಸೋಲ್ಡರಿಂಗ್ ಕೂಡ ಕಲಿಸಿ, ಅದು ಹುಡುಗರ ಕೆಲಸ ಅಂತ ಯಾರು ಹೇಳಿದ್ದು? ಉಡುಪಿಯಲ್ಲಿ ಮಲ್ಟಿಮೀಟರ್ ಮುನ್ನೂರಕ್ಕೆಲ್ಲ ಸಿಗ್ತದೆ, ಕಾಲೊನಿಗೊಂದು ಇರಲಿ. ಅಡಾಪ್ಟರಿನ ಹಿಂಬದಿಯ ಫೋಟೊ ಕಮೆಂಟಿನಲ್ಲಿ ಹಾಕಿ, ನಿಮ್ಮ ಬೋರ್ಡಿಗೆ ಆಗ್ತದಾ ಇಲ್ವಾ ಹೇಳ್ತೇನೆ. ಗೊತ್ತಿರುವವರು ನೀವೂ ಉತ್ತರ ಕೊಡಿ.

ಜೈ ಭೀಮ್.