ಬಣ್ಣದ ಕೋಣೆಯ ಬಾಗಿಲಲ್ಲಿ

ಭಾನುವಾರ, ಸಂಜೆ ನಾಲ್ಕರ ಹೊತ್ತು. ಥಾಣೆ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು, ರಿಕ್ಷಾಗಳ ಸಾಲು ದಾಟಿ, ಜನರ ಜೊತೆ ನಡೆದರೆ ಸ್ವಲ್ಪದರಲ್ಲೇ ಮಾಸುಂದಾ ಕೆರೆ. ಊರವರ ಬಾಯಲ್ಲಿ ತಲಾವ್ ಪಾಳಿ. ದಂಡೆಯಲ್ಲಿ ಭೇಳ್ ಗಾಡಿಗಳು, ನೀರಲ್ಲಿ ದೋಣಿಗಳು, ಎದುರಿಗೆ ಗಡಕರಿ ರಂಗಾಯತನ. 1978ರಲ್ಲಿ ಬಾಗಿಲು ತೆರೆದ ಈ ರಂಗಮಂದಿರ ನಾಟಕಕಾರ ರಾಮ ಗಣೇಶ ಗಡಕರಿಯವರ ಹೆಸರು ಹೊತ್ತಿದೆ.

ಹೊರಗೆ ಹೌಸ್‌ಫುಲ್ ಬೋರ್ಡು. ಮೆಟ್ಟಿಲ ಮೇಲೆ ಮಲ್ಲಿಗೆಯ ಘಮ, ಇಸ್ತ್ರಿ ಮಾಡಿದ ಅಂಗಿಗಳು. ಇಲ್ಲಿ ಸೇರಿದವರಲ್ಲಿ ಎಷ್ಟೋ ಮಂದಿ ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ಹಿಡಿದು ಬಂದವರು. ವಾರವಿಡೀ ಅದೇ ಗಾಡಿಯಲ್ಲಿ ಒತ್ತಿಕೊಂಡು ಮುಂಬಯಿಗೆ ಹೋಗಿ ದುಡಿಯುವವರು ರಜೆಯ ದಿನವೂ ಗಾಡಿ ಹತ್ತಿದ್ದಾರೆ, ನಾಟಕಕ್ಕಾಗಿ.

ಮೂರನೆಯ ಗಂಟೆ ಬಾರಿಸುತ್ತದೆ. ಮೊಬೈಲ್ ಬಂದ್ ಮಾಡಿ ಎಂಬ ವಿನಂತಿ. ಕತ್ತಲು. ಪರದೆ ಸರಿದು ನಾಯಕ ಕಾಲಿಟ್ಟ ಕ್ಷಣ, ಅವನಿನ್ನೂ ಬಾಯಿ ತೆರೆಯುವ ಮೊದಲೇ ಚಪ್ಪಾಳೆ. ಆಮೇಲೆ ಸಭೆ ಉಸಿರು ಬಿಗಿಹಿಡಿದು ಕೇಳುತ್ತದೆ.

ಮಧ್ಯಂತರದಲ್ಲಿ ಎಲ್ಲರೂ ಬಟಾಟೆವಡೆಯ ಕೌಂಟರಿಗೆ. ಬಿಸಿ ವಡೆಯನ್ನು ಊದುತ್ತಲೇ ಚರ್ಚೆ ಶುರು: ಇವತ್ತು ಆತನ ಗಂಟಲು ಸರಿ ಇಲ್ಲವಲ್ಲ, ಹೋದ ಪ್ರಯೋಗದಲ್ಲಿ ಈ ದೃಶ್ಯ ಇನ್ನೂ ಚುರುಕಾಗಿತ್ತಲ್ಲ? ಮರಾಠಿ ರಂಗಭೂಮಿಯಲ್ಲಿ ಪ್ರಯೋಗದ ಲೆಕ್ಕವನ್ನು ನಟನೂ ಇಡುತ್ತಾನೆ, ಪ್ರೇಕ್ಷಕನೂ ಇಡುತ್ತಾನೆ. ನಟ ಪ್ರಶಾಂತ ದಾಮ್ಲೆಯವರು 2022ರ ನವೆಂಬರಿನಲ್ಲಿ ತಮ್ಮ 12,500ನೆಯ ಪ್ರಯೋಗ ಮುಟ್ಟಿದರು. ಅಷ್ಟು ಸಲ ಜನರಿದ್ದ ಊರಿಗೆ ತಾನೇ ಹೋಗಿ ನಿಂತ ನಟ ಜನರಿಗೆ ದೂರದವನಾಗುವುದು ಹೇಗೆ?

ನಾಟಕ ಮುಗಿಯಿತು. ಈಗ ಗೇಟಿನ ಕಡೆ ತಿರುಗದೆ, ಪಕ್ಕದ ಬಾಗಿಲಿನತ್ತ ಹೊರಟ ಈ ಗುಂಪಿನ ಹಿಂದೆ ಬನ್ನಿ. ಯಾರೂ ತಡೆಯುವುದಿಲ್ಲ. ರಂಗದ ಹಿಂದೆ ಆಗಲೇ ಸೆಟ್ ಬಿಚ್ಚುತ್ತಿದ್ದಾರೆ. ಈಗಷ್ಟೇ ನಾಯಕಿ ಒರಗಿ ಅತ್ತಿದ್ದ ಕಿಟಕಿ ಇಬ್ಬರ ಹೆಗಲೇರಿ ಟೆಂಪೋ ಕಡೆಗೆ ಹೊರಟಿದೆ. ಬಣ್ಣದ ಕೋಣೆಯಲ್ಲಿ ನಾಯಕ ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು, ಅರ್ಧ ಬಣ್ಣ ಒರೆಸಿದ ಮುಖದಲ್ಲಿ ಚಹಾ ಕುಡಿಯುತ್ತಿದ್ದಾನೆ. ಅಜ್ಜಿಯೊಬ್ಬರು ಮೊಮ್ಮಗಳ ಕೈ ಬಿಡಿಸಿಕೊಂಡು ಮುಂದೆ ಹೋಗಿ ಅವನ ಕೈ ಹಿಡಿಯುತ್ತಾರೆ. 'ಬಾಳಾ, ಎರಡನೇ ಅಂಕದಲ್ಲಿ ದನಿ ಕಟ್ಟಿತ್ತು. ರಾತ್ರಿ ಬಿಸಿ ಹಾಲಿಗೆ ಅರಿಶಿನ ಹಾಕಿ ಕುಡಿ.' ಅವನು ಲೋಟ ಕೆಳಗಿಟ್ಟು ಅಜ್ಜಿಯ ಕಾಲಿಗೆರಗುತ್ತಾನೆ. ಹಿಂದೆ ನಿಂತ ಹುಡುಗರು ಸೆಲ್ಫಿಗೆ ಸರದಿ ಕಾಯುತ್ತಿದ್ದಾರೆ; ಅಜ್ಜಿಗೆ ಅವಸರವಿಲ್ಲ.

ನಮ್ಮ ಕರಾವಳಿಯವರಿಗೆ ಈ ನೋಟ ಹೊಸದಲ್ಲ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸಿದ ಮೇಲೆ, ಮಳೆಗಾಲದಲ್ಲಿ ಯಕ್ಷಗಾನ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಆಟ ನಡೆದಾಗ ಚೌಕಿಯ, ಅಂದರೆ ಅಲ್ಲಿಯ ಬಣ್ಣದ ಕೋಣೆಯ, ಬಾಗಿಲಲ್ಲೂ ಹೀಗೇ ಗುಂಪು. ಕಿರೀಟ ಇಳಿಸಿ ಬೆವರೊರೆಸುವ ಭೀಮನ ವೇಷಧಾರಿಗೆ ಹೋಟೆಲಿನ ಹುಡುಗ ನೀರು ಕೊಟ್ಟು, 'ನಮ್ಮ ಊರಿನ ಕಡೆಯವರಲ್ವಾ ನೀವು?' ಎಂದು ಕೇಳುತ್ತಾನೆ.

ಇಲ್ಲಿಂದ ಜುಹುವಿಗೆ ಬಹಳ ದೂರವೇನಿಲ್ಲ. ಅಲ್ಲಿ ಭಾನುವಾರ ಅಮಿತಾಭ್ ಬಚ್ಚನ್ನರ 'ಜಲ್ಸಾ' ಬಂಗಲೆಯ ಗೇಟಿನೆದುರು ಜನ ಸೇರುತ್ತಾರೆ, ಅವರು ಹೊರಬಂದು ಕೈಮುಗಿಯುವ ಗಳಿಗೆಗಾಗಿ. ಆ ಪ್ರೀತಿಯೂ ದೊಡ್ಡದೇ. ಆದರೆ ಅಲ್ಲಿ ಯಾವ ಅಜ್ಜಿಯೂ ಅರಿಶಿನ ಹಾಲಿನ ಮಾತು ಹೇಳಲಾರಳು.

ಡೊಂಬಿವಲಿಯ ಫಡಕೆ ರಸ್ತೆಯಲ್ಲಾದರೆ ನಟರೊಡನೆಯ ಈ ಸಲುಗೆ ಬೀದಿಗೇ ಇಳಿಯುತ್ತದೆ. ಅಲ್ಲಿಯ ಗಣೇಶ ಮಂದಿರ 1999ರಲ್ಲಿ ಆರಂಭಿಸಿದ ಗುಡಿ ಪಾಡ್ವದ ಶೋಭಾಯಾತ್ರೆಯನ್ನು ನೋಡಿ ಬೇರೆ ಊರುಗಳೂ ಕಲಿತವು. ನಮ್ಮ ಯುಗಾದಿಯ ದಿನವೇ ಅದು. ಮನೆಯಲ್ಲಿ ಬೇವು ಬೆಲ್ಲ ತಿಂದ ಕನ್ನಡದ ಮಕ್ಕಳು ಢೋಲ್ ತಾಶಾದ ಸದ್ದಿಗೆ ಓಡುತ್ತಾರೆ. ಟಿವಿಯಲ್ಲಿ ಕಂಡ ಮುಖಗಳು ಅದೇ ಜನಜಂಗುಳಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಡೆಯುತ್ತವೆ.

ಥಾಣೆಯಲ್ಲಿ ನೆಂಟರಿದ್ದರೆ ಈ ಸಲ ಹೋದಾಗ ಒಂದು ಸಂಜೆ ಉಳಿಸಿಕೊಳ್ಳಿ. ಮರಾಠಿ ಪೂರ್ತಿ ತಿಳಿಯದಿದ್ದರೂ ಟಿಕೆಟ್ ತೆಗೆಯಿರಿ. ನಾಟಕ ಮುಗಿದ ಕೂಡಲೇ ಲೋಕಲ್ ಹಿಡಿಯಲು ಓಡಬೇಡಿ. ಆ ಪಕ್ಕದ ಬಾಗಿಲಿಗೆ ಹೋಗಿ, ನಿಮಗೆ ಹಿಡಿಸಿದ್ದನ್ನು ನಟನಿಗೆ ಎದುರಲ್ಲೇ ಹೇಳಿ ಬನ್ನಿ.