ಪಬ್ ಕಟ್ಟಿದ ಥಾಮಸ್ ಯಾರ ಮಗ?

ಪಬ್ ಅಂದ ಕೂಡಲೇ ಮೂಗು ಮುರಿಯಬೇಡಿ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಹೋಪ್ ಸ್ಟ್ರೀಟಿನಲ್ಲಿ, ಸಂಗೀತ ಸಭಾಂಗಣದ ಎದುರಿಗಿರುವ ‘ಫಿಲ್‌ಹಾರ್ಮೋನಿಕ್ ಡೈನಿಂಗ್ ರೂಮ್ಸ್’ ಹೊರಗಿನಿಂದ ಸಣ್ಣ ಅರಮನೆಯೇ ಸರಿ. ಬಳ್ಳಿಯಂತೆ ಬಳುಕುವ ಲೋಹದ ಗೇಟು, ಒಳಗೆ ಬಣ್ಣದ ಗಾಜು, ಕೆತ್ತನೆಯ ಮರ, ಗಾರೆಯ ಗೊಂಬೆಗಳು. ಮಕ್ಕಳುಮರಿ ಸಮೇತ ಊಟಕ್ಕೆ ಬರ್ತಾರೆ. “ಅಕ್ಕಾ, ಗಂಡಸರ ಬಚ್ಚಲನ್ನೂ ನೋಡ್ಕೊಂಡು ಬಾ, ಹೆಂಗಸರೆಲ್ಲ ಕೇಳಿ ನೋಡ್ತಾರೆ” ಅಂದಳು ಅಲ್ಲೇ ನೆಲೆಸಿರುವ ನನ್ನ ತಂಗಿ. ಒಳಗೆ ಯಾರೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಇಣುಕಿದೆ. ಗುಲಾಬಿ ಬಣ್ಣದ ಅಮೃತಶಿಲೆ! ನಮ್ಮನೆ ದೇವರಕೋಣೆಗೂ ಅಂಥದ್ದಿಲ್ಲ.

1898ರಿಂದ 1900ರವರೆಗೆ ಇದನ್ನು ಕಟ್ಟಿಸಿದವನು ಬಿಯರ್ ತಯಾರಕ ರಾಬರ್ಟ್ ಕೇನ್. ಐರ್ಲೆಂಡಿನ ಸ್ಪೈಕ್ ದ್ವೀಪದಲ್ಲಿ 1826ರಲ್ಲಿ ಹುಟ್ಟಿದ ಬಡವರ ಮಗ, ಲಿವರ್‌ಪೂಲಿಗೆ ಬಂದು ಸಿರಿವಂತನಾದ. ದುಡ್ಡು ಹಾಕಿದವನ ಕಥೆ ಎಲ್ಲರಿಗೂ ಗೊತ್ತು. ನಕ್ಷೆ ಬರೆದವನದ್ದು?

ಆತನ ಹೆಸರು ವಾಲ್ಟರ್ ಡಬ್ಲ್ಯೂ. ಥಾಮಸ್ (1849–1912). ಪಾಪ, ಅದೇ ಊರಲ್ಲಿ ವಾಲ್ಟರ್ ಆಬ್ರಿ ಥಾಮಸ್ ಅಂತ ಇನ್ನೊಬ್ಬ ವಾಸ್ತುಶಿಲ್ಪಿ ಇದ್ದ, ಹದಿನೈದು ವರ್ಷ ಚಿಕ್ಕವನು. ನದೀತೀರದ ಪ್ರಸಿದ್ಧ ರಾಯಲ್ ಲಿವರ್ ಬಿಲ್ಡಿಂಗ್ ಅವನದು. ಹೆಸರಿನ ಗೊಂದಲಕ್ಕೆ ಇಷ್ಟು ಸಾಲದೆ?

ಥಾಮಸ್ ಎಂಬುದು ವೇಲ್ಸ್ ಸೀಮೆಯಲ್ಲಿ ಬಹಳ ಬಳಕೆಯ ಅಡ್ಡಹೆಸರು. ಅಲ್ಲಿ ಹಿಂದೆ ಮನೆತನದ ಹೆಸರಿರಲಿಲ್ಲ. ನಾವು ಅಪ್ಪನ ಹೆಸರಿನ ಮೊದಲಕ್ಷರ ಸೇರಿಸಿಕೊಳ್ಳುವಂತೆ ಅವರು ಅಪ್ಪನ ಹೆಸರನ್ನೇ ಸೇರಿಸಿಕೊಳ್ಳುತ್ತಿದ್ದರು. ಮುಂದೆ ಅದೇ ಗಟ್ಟಿಯಾಯಿತು. ಹಾಗಾಗಿ ನಂಟಿಲ್ಲದವರೂ ಥಾಮಸರೇ. ವೇಲ್ಸಿನಿಂದ ಲಿವರ್‌ಪೂಲಿಗೆ ಬಂದ ಕಟ್ಟಡದ ಕೆಲಸಗಾರರೂ ಬಹಳ. ಈ ಥಾಮಸ್ ಕಟ್ಟಡ ಮಾಡಿಕೊಟ್ಟ ಬಟ್ಟೆ ವ್ಯಾಪಾರಿ ಓವನ್ ಓವನ್ ಕೂಡ ವೇಲ್ಸಿನವನೇ. ಆದರೆ ಬರೀ ಹೆಸರಿಂದ ಊರು ಹೇಳೋದು ಹೇಗೆ? ನಾಗರಾಜ ಅಂದರೆ ಯಾವ ಊರಿನವ ಅಂತೀರಿ?

ನಮ್ಮಲ್ಲಿ ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವ ಹೆಳವರಿದ್ದಾರೆ. ಅಲ್ಲಿ ಆ ಕೆಲಸ ಜನಗಣತಿಯದು. ಹುಟ್ಟಿದ ಊರನ್ನು ಮೊದಲು ಕೇಳಿದ್ದು 1851ರಲ್ಲಿ. ಆಗ ನಮ್ಮ ಥಾಮಸ್ ಎರಡು ವರ್ಷದ ಕೂಸು. ಅಲ್ಲಿಂದ 1911ರವರೆಗೆ ಹತ್ತು ವರ್ಷಕ್ಕೊಮ್ಮೆ ಏಳು ಗಣತಿ. ಒಂದು ಇಡೀ ಆಯುಷ್ಯ ಅದರೊಳಗೆ ಕೂತಿದೆ. ಒಂದೇ ಹೆಸರಿನ ಇಬ್ಬರನ್ನು ವಯಸ್ಸು, ಊರು, ಹೆಂಡತಿಯ ಹೆಸರು ಹಿಡಿದು ಬೇರೆ ಮಾಡ್ತಾರೆ. 1837ರಲ್ಲಿ ಶುರುವಾದ ಜನನ ನೋಂದಣಿಯಲ್ಲಿ ತಾಯಿಯ ತವರಿನ ಅಡ್ಡಹೆಸರೂ ಇರುತ್ತೆ. ಥಾಮಸ್‌ನಂಥ ಹೆಸರಿಗೆ ಅದೇ ದೊಡ್ಡ ಸುಳಿವು. ಅಪ್ಪನ ಕಡೆ ಹುಡುಕಿ ಸೋತವರಿಗೆ ಅಮ್ಮನೇ ದಾರಿ ತೋರಿಸ್ತಾಳೆ ಅನ್ನಿ!

ಆ ಕಾಗದಗಳಲ್ಲಿ ಹೆಂಡತಿಯ ಕಸುಬಿನ ಜಾಗ ಬಹಳ ಕಡೆ ಖಾಲಿ. ದಿನವಿಡೀ ದುಡಿದವಳಿಗೆ ಒಂದು ಗೆರೆ ಮಾತ್ರ. 1911ರಲ್ಲಿ ಮಾತ್ರ ಮದುವೆಯಾದ ಹೆಂಗಸನ್ನು ಕೇಳಿದರು: ಮದುವೆಯಾಗಿ ಎಷ್ಟು ವರ್ಷ, ಹೆತ್ತದ್ದೆಷ್ಟು, ಉಳಿದದ್ದೆಷ್ಟು, ತೀರಿಕೊಂಡದ್ದೆಷ್ಟು. ನಾಲ್ಕು ಪುಟ್ಟ ಅಂಕಿಗಳು ಪಕ್ಕಪಕ್ಕದಲ್ಲಿ.

ಫಿಲ್‌ಹಾರ್ಮೋನಿಕ್‌ಗೆ 2020ರಲ್ಲಿ ಮೊದಲ ದರ್ಜೆಯ ರಕ್ಷಿತ ಕಟ್ಟಡವೆಂಬ ಮಾನ್ಯತೆ ಸಿಕ್ಕಿತು. ಥಾಮಸ್‌ನದೇ ಇನ್ನೊಂದು ಪಬ್, 1907ರ ‘ದಿ ವೈನ್ಸ್’, ಲೈಮ್ ಸ್ಟ್ರೀಟ್ ರೈಲು ನಿಲ್ದಾಣಕ್ಕೆ ಹತ್ತಿರ. ರೈಲಿಗೆ ಹೊತ್ತಿದ್ದರೆ ಅದನ್ನೂ ತಲೆಯೆತ್ತಿ ನೋಡಿ ಬನ್ನಿ.