ಜೋಡಿ ನೋಡಿ ಹೂಡಬೇಕು

ಕಬ್ಬಿನ ಬಿಲ್ಲು ಜಮಾ ಆದ ವಾರ. ರಾಯಬಾಗದಿಂದ ಅಕ್ಕನ ಮಗ ಅಥಣಿಗೆ ಬಂದು ನನ್ನೆದುರು ಕೂತ. "ಮಾಮಾ, ಅಪ್ಪ 50 ಸಾವಿರ ಕೊಡ್ತೀನಿ ಅಂದಾನ. ಗೇಮಿಂಗ್ ಪಿಸಿ ಮಾಡಸ್ಬೇಕ್ರಿ. ಐ7 ಪ್ರೊಸೆಸರ್ ಹಾಕಿಸಿ, ಉಳಿದ ರೊಕ್ಕದಾಗ ಯಾವ್ದರೆ ಒಂದ್ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರ ಸಾಕಲ್ರಿ?"

ನನಗೆ ನಮ್ಮಜ್ಜ ನೆನಪಾದ, ಅವನ ಕತೆಯನ್ನೇ ಹುಡುಗನಿಗೆ ಹೇಳಿದೆ. ಖಿಲಾರಿ ಎತ್ತು ಕೊಳ್ಳುವಾಗ ಹಲ್ಲು ನೋಡುವನು, ಸುಳಿ ನೋಡುವನು, ನಡೆಸಿ ನೋಡುವನು. ಎಲ್ಲ ಒಪ್ಪಿಗೆಯಾದರೂ ರೊಕ್ಕದ ಚೀಲ ಬಿಚ್ಚುತ್ತಿರಲಿಲ್ಲ. ಮನೆಯ ಎತ್ತಿಗೆ ಇದು ಜೋಡಿಯಾಗುತ್ತದೆಯೇ ಎಂಬುದೇ ಅವನ ಕಡೆಯ ಪ್ರಶ್ನೆ. ಒಂದು ಎತ್ತರ, ಒಂದು ಗಿಡ್ಡ ಆದರೆ ನೊಗ ವಾಲುತ್ತದೆ. ಕಸುವಿನದು ಸೋತದ್ದರ ನಡಿಗೆಯಲ್ಲೇ ನಡೆಯಬೇಕಾಗುತ್ತದೆ.

ಪಿಸಿಯೊಳಗೂ ಅದೇ ನೊಗ. ಆಟದಲ್ಲಿ ಯಾರು ಎಲ್ಲಿದ್ದಾರೆ, ಗುಂಡು ತಗುಲಿತೋ ಇಲ್ಲವೋ ಎಂಬ ಲೆಕ್ಕ ಪ್ರೊಸೆಸರ್‌ನದು. ಆ ಲೆಕ್ಕವನ್ನು ಚಿತ್ರವಾಗಿ ಬರೆಯುವುದು ಕಾರ್ಡು. ಚಿತ್ರದ ಕೆಲಸವೇ ಭಾರ, ಆದ್ದರಿಂದ ರೊಕ್ಕದ ದೊಡ್ಡ ಪಾಲು ಕಾರ್ಡಿಗೇ ಹೋಗಬೇಕು. 6 ಕೋರಿನ ರೈಜೆನ್ 5 5600 ಅಥವಾ 4 ಕೋರಿನ ಐ3-12100ಎಫ್, ಜೊತೆಗೆ 8 ಜಿಬಿಯ ಆರ್‌ಎಕ್ಸ್ 6600 ಇದ್ದರೆ ನೊಗ ನೆಟ್ಟಗಿರುತ್ತದೆ. 'ಎಫ್' ಇದ್ದ ಪ್ರೊಸೆಸರ್‌ಗೆ ಕಾರ್ಡಿಲ್ಲದೆ ಪರದೆ ಬೆಳಗದು. ರೊಕ್ಕ ಸಾಲದಿದ್ದರೆ ಗ್ರಾಫಿಕ್ಸನ್ನು ಒಳಗೇ ಹೊತ್ತ 5600ಜಿ ತಂದು, ಸಣ್ಣ ಆಟಗಳನ್ನಾಡುತ್ತ ಮುಂದಿನ ಬಿಲ್ಲಿಗೆ ಕಾಯಬಹುದು.

"ಯಾವ ಕಂಪನಿದು ಚೊಲೋರಿ?" ಅಂದ. ನಮ್ಮೂರಿನ ಚಪ್ಪಲಿ ತೋರಿಸಿದೆ. ಕೊಲ್ಹಾಪುರಿ ಎಂಬ ಹೆಸರು ಹೊತ್ತರೂ ಅದನ್ನು ಹೊಲಿಯುವ ಕೈಗಳು ಅಥಣಿಯಲ್ಲೂ ಇವೆ. 2019ರ ಭೌಗೋಳಿಕ ಸೂಚಿಕೆಯಲ್ಲಿ ಬೆಳಗಾವಿ ಜಿಲ್ಲೆಗೂ ಪಾಲಿದೆ. ಕಾರ್ಡೂ ಹಾಗೆಯೇ. ಚಿಪ್ಪಿನ ವಿನ್ಯಾಸ ಎಎಂಡಿಯದೋ ಎನ್ವಿಡಿಯಾದ್ದೋ ಇರುತ್ತದೆ, ಡಬ್ಬಿಯ ಮೇಲೆ ಏಸಸ್, ಗಿಗಾಬೈಟ್, ಸಫೈರ್ ಎಂದಿರುತ್ತದೆ. ಮೊದಲು ಚಿಪ್ಪು ನೋಡಬೇಕು, ಆಮೇಲೆ ಡಬ್ಬಿಯ ಹೆಸರು, ವಾರಂಟಿ. ನಿಪ್ಪಾಣಿಯವರು ಕೊಲ್ಹಾಪುರದಲ್ಲಿ ಕೊಳ್ಳಲಿ, ಕಾಗವಾಡದವರು ಮಿರಜ್‌ನಲ್ಲಿ, ಚಿಕ್ಕೋಡಿಯವರು ಬೆಳಗಾವಿಯಲ್ಲಿ. ಪಕ್ಕಾ ಬಿಲ್ಲು ಮಾತ್ರ ಬಿಡಬಾರದು.

ಹಳೆಯ ಕಾರ್ಡಾದರೆ ಹಲ್ಲು ಹಿಡಿದು ನೋಡಲೇಬೇಕು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ಜಾಲ ತನ್ನ ಪದ್ಧತಿ ಬದಲಿಸಿದ ಮೇಲೆ, ಹಗಲಿರುಳು ಆ ನಾಣ್ಯದ ಗಣಿಗೆ ದುಡಿದಿದ್ದ ಕಾರ್ಡುಗಳು ಪೇಟೆಗೆ ಬಂದವು. ಅಂಗಡಿಯಲ್ಲೇ ಅರ್ಧ ತಾಸು ಆಟ ಓಡಿಸಿ, ಬಿಸಿ ಎಷ್ಟೇರುತ್ತದೆ, ಫ್ಯಾನು ಒದರುತ್ತದೆಯೇ, ಪರದೆಯಲ್ಲಿ ಗೆರೆ ಮೂಡುತ್ತವೆಯೇ ನೋಡಿಯೇ ರೊಕ್ಕ ಎಣಿಸಬೇಕು.

ಇನ್ನು ಪಿಸಿಗೆ ಕರೆಂಟು ಉಣಿಸುವ ಎಸ್‌ಎಂಪಿಎಸ್. ಪಂಪ್‌ಸೆಟ್ ಶುರುವಾದರೆ ಮನೆಯ ಬಲ್ಬು ಮಂಕಾಗುವ ಕಡೆ ಅದರಲ್ಲಿ ಉಳಿತಾಯ ಬೇಡ. ಆರ್‌ಎಕ್ಸ್ 6600 ಉಣ್ಣುವುದು 132 ವಾಟ್. ಹೆಸರುಳ್ಳ ಕಂಪನಿಯ 500 ವಾಟಿನದು ಸಾಕು. ಬಣ್ಣದ ದೀಪದ ಕ್ಯಾಬಿನೆಟ್ ಬಿಟ್ಟರೆ ಆ ರೊಕ್ಕ ಇಲ್ಲಿಗೆ ಬರುತ್ತದೆ. ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿಯೋಣ, ಆದರೆ ಹೊಲ ಉಳುವುದು ಹೆಗಲು.

ಹುಡುಗ ಎಲ್ಲ ಬರೆದುಕೊಂಡು ಕೇಳಿದ: "ಹಂಗಾದ್ರ ಮಾಮಾ, ನಮ್ಮನ್ಯಾಗಿನ ಎತ್ತು ಯಾವ್ದ್ರಿ?"

"ನಿನ್ನ ಟೇಬಲ್ ಮ್ಯಾಲಿನ ಮಾನಿಟರ್ ಪಾ," ಅಂದೆ. ಅದು 1080ಪಿ, 60 ಹರ್ಟ್ಜ್. ಕಾರ್ಡು ಸೆಕೆಂಡಿಗೆ 120 ಚಿತ್ರ ಬರೆದರೂ ಅದು ತೋರಿಸುವುದು 60 ಮಾತ್ರ. ಹುಡುಗ ಪೆನ್ನು ತೆಗೆದು, ಪಟ್ಟಿಯ ತಲೆಯಲ್ಲಿದ್ದ ಐ7 ಹೊಡೆದುಹಾಕಿ, ಅಲ್ಲಿ ಮಾನಿಟರ್ ಎಂದು ಬರೆದ.